ಸಮುದ್ರತಳದಲ್ಲಿ ‘ಏನೂ ಇಲ್ಲ’ ಅನ್ನೋಕೆ ಎಷ್ಟು ಫೋಟೋ ಬೇಕು?

ಸಮುದ್ರತಳದ ಬಗ್ಗೆ ಎರಡು ಅಂಕಿ ಈಗ ಎಲ್ಲಾ ಕಡೆ ಓಡಾಡ್ತಿವೆ, ಎರಡನ್ನೂ ಒಟ್ಟಿಗೆ ಓದಿದ್ರೆ ತಲೆ ಗಿರ್ರನ್ನುತ್ತೆ. ಒಂದು, ಸೀಬೆಡ್ 2030 ಅನ್ನೋ ಅಂತಾರಾಷ್ಟ್ರೀಯ ಯೋಜನೆಯವರು 2025ರ ಜೂನ್‌ನಲ್ಲಿ ಹೇಳಿದ್ದು, ಪ್ರಪಂಚದ ಸಮುದ್ರತಳದಲ್ಲಿ 27.3% ಮ್ಯಾಪ್ ಆಗಿದೆ ಅಂತ. ಇನ್ನೊಂದು ಅದಕ್ಕೆ ಒಂದು ತಿಂಗಳು ಮುಂಚೆ ‘ಸೈನ್ಸ್ ಅಡ್ವಾನ್ಸಸ್’ ಪತ್ರಿಕೆಯಲ್ಲಿ ಬಂದ ಲೆಕ್ಕ, ಆಳಸಮುದ್ರದ (ಅಂದ್ರೆ 200 ಮೀಟರ್‌ಗಿಂತ ಆಳ ಇರೋ ಕಡೆ) ತಳವನ್ನ ಮನುಷ್ಯರು ಕಣ್ಣಾರೆ ಇಲ್ಲಾ ಕ್ಯಾಮೆರಾ ಮೂಲಕ ನೋಡಿರೋದು 0.001%ಗಿಂತ ಕಮ್ಮಿ ಅಂತ. 1958ರಿಂದ ಈಚೆಗೆ ನಡೆದ ಸುಮಾರು 44,000 ಡೈವ್‌ಗಳ ದಾಖಲೆ ಜಾಲಾಡಿ, ಸ್ವಲ್ಪ ಉದಾರವಾಗೇ ಲೆಕ್ಕ ಹಾಕಿದ್ರೂ ಒಟ್ಟು 3,800 ಚದರ ಕಿಲೋಮೀಟರ್ ಆಸುಪಾಸು ಬಂತಂತೆ. ಅಂದ್ರೆ ಒಂದು ಬದಿ 62 ಕಿಲೋಮೀಟರ್ ಇರೋ ಒಂದು ಚೌಕ, ಅಷ್ಟೇ. ಭೂಮಿಯ ಮೇಲ್ಮೈಯಲ್ಲಿ ಮೂರನೇ ಎರಡು ಭಾಗ ಈ ಆಳಸಮುದ್ರವೇ ಇರೋದು ಅನ್ನೋದನ್ನ ಪಕ್ಕದಲ್ಲಿಟ್ಟು ನೋಡಿ.

ಎರಡೂ ನಿಜಾನೇ. ಮ್ಯಾಪ್ ಮಾಡೋದು ಸೋನಾರ್, ಹಡಗಿನಿಂದ ಶಬ್ದ ಕಳಿಸಿ ಅದು ತಳಕ್ಕೆ ಬಡಿದು ವಾಪಸ್ ಬರೋಕೆ ಎಷ್ಟು ಹೊತ್ತಾಯ್ತು, ಎಷ್ಟು ಜೋರಾಗಿ ಬಂತು ಅಂತ ಅಳೆಯೋದು. 3,000 ಮೀಟರ್‌ಗಿಂತ ಆಳದಲ್ಲಿ ಈ ಯೋಜನೆ ಬಳಸೋ ಚೌಕ 400 ಮೀಟರ್‌ಗೆ 400 ಮೀಟರ್, ಇನ್ನೂ ಆಳ ಹೋದ್ರೆ 800ಕ್ಕೆ 800. ಆ ಚೌಕದಲ್ಲಿ ಒಂದೇ ಒಂದು ಅಳತೆ ಬಿದ್ದಿದ್ರೂ ಸಾಕು, ಮ್ಯಾಪ್ ಆಯ್ತು ಅಂತ ಲೆಕ್ಕ. ಬೆಟ್ಟ ಎಲ್ಲಿ, ಕಣಿವೆ ಎಲ್ಲಿ, ಗಟ್ಟಿ ನೆಲವೋ ಮೆತ್ತನೆ ಕೆಸರೋ ಅಂತ ಒಂದು ಅಂದಾಜು ಇದರಿಂದ ಸಿಗುತ್ತೆ, ಆದ್ರೆ ಆ ಗಟ್ಟಿ ನೆಲದ ಮೇಲೆ ಹವಳ ಇದೆಯಾ, ಸ್ಪಂಜು ಇದೆಯಾ, ಬರೀ ಬಂಡೆಯಾ ಅಂತ ಗೊತ್ತಾಗಬೇಕು ಅಂದ್ರೆ ಕ್ಯಾಮೆರಾ ಇಳಿಸ್ಲೇಬೇಕು.

ಇಲ್ಲಿವರೆಗೆ ಎಲ್ಲರೂ ಒಪ್ಪೋ ಮಾತು. ನನಗೆ ತಕರಾರು ಇರೋದು ಇದರ ಮುಂದೆ. ಕ್ಯಾಮೆರಾ ‘ಇದೆ’ ಅಂತ ತೋರಿಸೋದ್ರಲ್ಲಿ ಭಲೇ ಗಟ್ಟಿ ಸಾಕ್ಷಿ, ‘ಇಲ್ಲ’ ಅಂತ ಹೇಳೋದ್ರಲ್ಲಿ ಮಾತ್ರ ಬಲು ದುರ್ಬಲ. ಆದ್ರೆ ಗಣಿಗಾರಿಕೆ, ಟ್ರಾಲಿಂಗ್ (ತಳದ ಮೇಲೆ ಬಲೆ ಎಳೆದು ಮೀನು ಹಿಡಿಯೋದು), ಗಾಳಿ ವಿದ್ಯುತ್ ಗೋಪುರ, ಕೇಬಲ್ ಹಾಕೋರು, ಪರ್ಮಿಷನ್ ಕೊಡೋರು, ಎಲ್ಲರೂ ಅದರ ಹತ್ರ ಕೇಳ್ತಿರೋದು ಎರಡನೇ ಪ್ರಶ್ನೆಯನ್ನೇ: ಅಲ್ಲಿ ಮುಖ್ಯವಾದದ್ದು ಏನೂ ಇಲ್ಲ ತಾನೇ?

ಮೊದಲು ‘ಇದೆ’ ಅನ್ನೋ ಕಥೆ ನೋಡೋಣ. 2021ರ ಫೆಬ್ರವರಿಯಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗು ಅಂಟಾರ್ಕ್ಟಿಕಾದ ವೆಡೆಲ್ ಸಮುದ್ರದಲ್ಲಿತ್ತು. ಅದರ ಹಿಂದೆ ಕೇಬಲ್ ಕಟ್ಟಿ ಒಂದು ಟನ್ ತೂಕದ ಕ್ಯಾಮೆರಾ ಚೌಕಟ್ಟು ಎಳೀತಿದ್ರು, ತಳದಿಂದ ಒಂದೂವರೆ ಎರಡೂವರೆ ಮೀಟರ್ ಮೇಲೆ, ಆಳ ಸುಮಾರು 420ರಿಂದ 535 ಮೀಟರ್. ಸ್ಕ್ರೀನ್ ಮೇಲೆ ಒಂದು ಗುಂಡಗಿನ ಗುಳಿ ಬಂತು, ಮುಕ್ಕಾಲು ಮೀಟರ್ ಅಗಲ, ಸುಮಾರು 15 ಸೆಂಟಿಮೀಟರ್ ಆಳ, ನಡುವೆ ಸಣ್ಣ ಕಲ್ಲು, ಕಲ್ಲಿನ ಮೇಲೆ ಮೊಟ್ಟೆ, ಮೊಟ್ಟೆಗಳ ಮೇಲೆ ಕಾವಲಿಗೆ ಒಂದು ಐಸ್‌ಫಿಶ್. ಮುಂದೆ ಇನ್ನೊಂದು, ಅದರ ಮುಂದೆ ಇನ್ನೊಂದು, ಗಂಟೆಗಟ್ಟಲೆ ಅದೇ. ಸರಾಸರಿ ಸುಮಾರು ನಾಲ್ಕು ಚದರ ಮೀಟರ್‌ಗೆ ಒಂದು ಗೂಡು. ಕ್ಯಾಮೆರಾದಲ್ಲಿ ಎಣಿಸಿದ್ದು 16,160, ಅದರಲ್ಲಿ ಮುಕ್ಕಾಲು ಪಾಲಿಗೆ ಕಾವಲು ಮೀನು ಇತ್ತು. ಇಡೀ ವಸಾಹತು ಕನಿಷ್ಠ 240 ಚದರ ಕಿಲೋಮೀಟರ್, ಸುಮಾರು 6 ಕೋಟಿ ಗೂಡು ಅಂತ ಅಂದಾಜು. ಹಡಗಿನ ಸೋನಾರ್ ಮ್ಯಾಪ್‌ನಲ್ಲಿ ಇದು ಒಂದು ಸಪಾಟು ನೆಲ ಅಷ್ಟೇ. ಪ್ರಪಂಚದ ಅತಿ ದೊಡ್ಡ ಮೀನು ಗೂಡಿನ ವಸಾಹತು, ಕ್ಯಾಮೆರಾ ಆ ಗೆರೆ ಮೇಲೆ ಹಾದುಹೋಗಿದ್ದಕ್ಕೆ ಸಿಕ್ತು.

ಇಲ್ಲಿ ಒಂದು ಮಾತು ಗಮನಿಸಿ, 6 ಕೋಟಿ ಅನ್ನೋದು ಎಣಿಕೆ ಅಲ್ಲ, ಗುಣಾಕಾರ. ನೋಡಿದ ಪಟ್ಟಿಗಳ ಸಾಂದ್ರತೆಯನ್ನ ಒಟ್ಟು ವಿಸ್ತೀರ್ಣಕ್ಕೆ ಹಿಗ್ಗಿಸಿದ್ದು. ಇದರಲ್ಲಿ ಮೋಸ ಏನಿಲ್ಲ, ಸಮುದ್ರದಲ್ಲಿ ಎಲ್ಲಾ ಸರ್ವೇನೂ ಕೊನೆಗೆ ಇದೇ ಗುಣಾಕಾರ. ಆದ್ರೆ ಅದೇ ಗುಣಾಕಾರ ‘ಸೊನ್ನೆ’ ಮೇಲೆ ಮಾಡಿದ್ರೆ ಏನಾಗುತ್ತೆ ಅನ್ನೋದು ಮಜಾ, ಅದಕ್ಕೆ ಆಮೇಲೆ ಬರ್ತೀನಿ.

ಕ್ಯಾಮೆರಾ ಇಳಿಸೋದು ಅಂದ್ರೆ ಏನು ಅಂತ ಸ್ವಲ್ಪ ನೋಡ್ಬೇಕು, ಯಾಕಂದ್ರೆ ತಪ್ಪುಗಳೆಲ್ಲಾ ಹುಟ್ಟೋದು ಅಲ್ಲೇ. ಹಗ್ಗಕ್ಕೆ ಕಟ್ಟಿ ನೇರ ಕೆಳಗಿಳಿಸೋ ಡ್ರಾಪ್ ಕ್ಯಾಮೆರಾ ಇದೆ, ಹಡಗಿನ ಹಿಂದೆ ಎಳೆಯೋದಿದೆ, ಕೇಬಲ್ ಮೂಲಕ ಮೇಲಿಂದ ಓಡಿಸೋ ಆರ್‌ಒವಿ ರೋಬೋಟ್ ಇದೆ, ಕೇಬಲ್ಲೇ ಇಲ್ದೆ ತಾನೇ ಈಜಿಕೊಂಡು ಸಾವಿರಾರು ಫೋಟೋ ತೆಗೆದು ಬರೋ ಎಯುವಿ ಇದೆ, ಮೀನಿನ ತುಂಡು ಕಟ್ಟಿ ತಳದಲ್ಲಿ ಒಂದು ಗಂಟೆ ಕೂರಿಸೋ ಬ್ರವ್ ಅನ್ನೋದೂ ಇದೆ. ಎಲ್ಲದಕ್ಕೂ ಶತ್ರು ಒಂದೇ, ನೀರು. ಕೆಂಪು ಬಣ್ಣ ಮೊದಲ ಹತ್ತು ಮೀಟರ್ ಒಳಗೇ ಹೆಚ್ಚುಕಮ್ಮಿ ಮಾಯ. 200 ಮೀಟರ್ ದಾಟಿದ್ರೆ ಬಿಸಿಲು ನೆಪಕ್ಕೆ, 1,000 ದಾಟಿದ್ರೆ ಕಗ್ಗತ್ತಲು. ಹಾಗಾಗಿ ಲೈಟ್ ನಾವೇ ಒಯ್ಯಬೇಕು, ಲೈಟ್ ಹಾಕಿದ್ರೆ ಮೇಲಿಂದ ಸದಾ ಉದುರ್ತಾ ಇರೋ ಸಾವಯವ ಕಣಗಳು, ‘ಮರೀನ್ ಸ್ನೋ’ ಅಂತಾರೆ, ಬೆಳಕನ್ನ ವಾಪಸ್ ಲೆನ್ಸ್‌ಗೇ ಎರಚುತ್ತವೆ. ಅದಕ್ಕೇ ಲೈಟನ್ನ ಕ್ಯಾಮೆರಾ ಪಕ್ಕ ಅಂಟಿಸಲ್ಲ, ದೂರಕ್ಕೆ ತೋಳು ಚಾಚಿ ಓರೆಯಾಗಿ ಹಾಕ್ತಾರೆ. 4,000 ಮೀಟರ್‌ನಲ್ಲಿ ಒತ್ತಡ ಮೇಲಿನ ಗಾಳಿಯ ಒತ್ತಡದ 400 ಪಟ್ಟು, ಅಂದ್ರೆ ಪ್ರತಿ ಚದರ ಸೆಂಟಿಮೀಟರ್‌ಗೆ ಹೆಚ್ಚುಕಮ್ಮಿ 400 ಕಿಲೋ ತೂಕ ಕೂತ ಹಾಗೆ, ಕ್ಯಾಮೆರಾದ ಡಬ್ಬಿ ಟೈಟಾನಿಯಂನಂಥ ಗಟ್ಟಿ ವಸ್ತುವಿನದೇ ಆಗ್ಬೇಕು. ಜಿಪಿಎಸ್ ನೀರೊಳಗೆ ಕೆಲಸ ಮಾಡಲ್ಲ, ಕ್ಯಾಮೆರಾ ಎಲ್ಲಿದೆ ಅಂತ ಹಡಗಿನಿಂದ ಶಬ್ದದಲ್ಲೇ ಪತ್ತೆ ಹಚ್ಚಬೇಕು, ಆಳ ಜಾಸ್ತಿ ಆದಷ್ಟೂ ಆ ಅಂದಾಜು ಸಡಿಲ ಆಗ್ತಾ ಹೋಗುತ್ತೆ.

ಇಷ್ಟೆಲ್ಲಾ ಆದ್ಮೇಲೆ ಸಿಗೋ ಒಂದು ಫ್ರೇಮ್ ಹೇಗಿರುತ್ತೆ? ನಡುವೆ ಬೆಳಕು, ಅಂಚೆಲ್ಲಾ ಕಪ್ಪು. ಎರಡು ಲೇಸರ್ ಚುಕ್ಕಿ, ಹೆಚ್ಚಾಗಿ 10 ಸೆಂಟಿಮೀಟರ್ ಅಂತರದಲ್ಲಿ, ಅವೆರಡು ಇಲ್ಲ ಅಂದ್ರೆ ಆ ಸ್ಪಂಜು ಬೆರಳಷ್ಟೋ ಬಕೆಟ್ಟಷ್ಟೋ ಹೇಳೋಕಾಗಲ್ಲ. ಬೂದು ಕೆಸರು, ಅದರಲ್ಲಿ ನಾಲ್ಕೈದು ತೂತು, ಒಂದು ಮೂಲೆಯಲ್ಲಿ ಕೆಸರಿಂದ ಹೊರಗೆ ಚಾಚಿರೋ ತೆಳ್ಳಗಿನ ಎರಡು ತೋಳು, ನಕ್ಷತ್ರಮೀನಿನ ಸಂಬಂಧಿ ಬ್ರಿಟಲ್ ಸ್ಟಾರ್‌ದು ಇರ್ಬಹುದು. ತೂತಿನೊಳಗೆ ಯಾರಿದಾರೆ? ಫೋಟೋ ಹೇಳಲ್ಲ. ಕ್ಯಾಮೆರಾ ಎರಡು ಮೀಟರ್ ಎತ್ತರದಲ್ಲಿದ್ರೆ ಒಂದಷ್ಟು ಕಾಣುತ್ತೆ, ಐದು ಮೀಟರ್‌ಗೆ ಏರಿದ್ರೆ ಜಾಗ ಜಾಸ್ತಿ ಕಾಣುತ್ತೆ ಆದ್ರೆ ಸಣ್ಣ ಜೀವಿಗಳು ಮಾಯ, ಎರಡೂ ಬೇಕು ಅಂದ್ರೆ ಆಗಲ್ಲ.

ಕೆಸರೊಳಗಿನ ಜೀವನದ ವಿಷಯ ಸುಮ್ನೆ ಹೇಳಿ ಮುಂದೆ ಹೋಗೋದಲ್ಲ. ಮೆತ್ತನೆ ತಳದಲ್ಲಿ ಬದುಕೋದ್ರಲ್ಲಿ ದೊಡ್ಡ ಪಾಲು ಮೇಲ್ಮೈ ಕೆಳಗೇ ಇರೋದು, ಹುಳ, ಚಿಪ್ಪು, ಸಣ್ಣ ಸಣ್ಣ ಕಠಿಣಚರ್ಮಿ (ಸಿಗಡಿ, ಏಡಿ ಬಳಗದವು). ಮೇಲಿಂದ ತೆಗೆದ ಫೋಟೋಗೆ ಇವು ಕಾಣೋದೇ ಇಲ್ಲ. ಅದಕ್ಕೆ ಪೆಟ್ಟಿಗೆ ಇಳಿಸಿ ಕೆಸರು ಅಗೆದು ತಂದು ಜರಡಿ ಹಿಡೀಬೇಕು, ಇಲ್ಲಾ ಪೆರಿಸ್ಕೋಪ್ ಥರದ ಕ್ಯಾಮೆರಾವನ್ನ ಕೆಸರೊಳಗೇ ಚುಚ್ಚಿ ಪದರದ ಫೋಟೋ ತೆಗೀಬೇಕು, 1970ರ ದಶಕದಿಂದ ಇರೋ ಟೆಕ್ನಿಕ್ ಅದು. ಬರೀ ವಿಡಿಯೋ ತೋರಿಸಿ ‘ಮರುಭೂಮಿ ಥರ ಇದೆ ನೋಡಿ’ ಅನ್ನೋರ ಮಾತು ನಂಬೋಕೆ ಮುಂಚೆ ಜರಡಿ ಹಿಡಿದಿದಾರಾ ಅಂತ ಕೇಳ್ಬೇಕು.

ಇನ್ನು ಕ್ಯಾಮೆರಾ ಸುಮ್ನೆ ನೋಡೋ ಕಣ್ಣೂ ಅಲ್ಲ, ಅದು ಹೋದ ಜಾಗವನ್ನೇ ಬದಲಾಯಿಸುತ್ತೆ. ಯಾವತ್ತೂ ಬೆಳಕೇ ಕಾಣದ ಜಾಗಕ್ಕೆ ಫ್ಲಡ್‌ಲೈಟ್, ಮೋಟಾರ್ ಸದ್ದು ಎರಡೂ ಒಟ್ಟಿಗೆ ಬಂದ್ರೆ ಕೆಲವು ಜೀವಿಗಳು ಓಡಿಹೋಗ್ತವೆ, ಕೆಲವು ಹತ್ತಿರ ಬರ್ತವೆ. ಅಮೆರಿಕದ ವಿಜ್ಞಾನಿ ಎಡಿತ್ ವಿಡರ್ ಇದನ್ನ ಹಿಡ್ಕೊಂಡು, ಹೆಚ್ಚಿನ ಆಳಸಮುದ್ರ ಜೀವಿಗಳಿಗೆ ಕಾಣದ ಕೆಂಪು ಬೆಳಕು ಬಳಸಿ, ಸದ್ದಿಲ್ಲದೆ ತೇಲೋ ಕ್ಯಾಮೆರಾ ಇಳಿಬಿಟ್ಟರು. 2012ರಲ್ಲಿ ಜಪಾನಿನ ಒಗಸಾವರ ದ್ವೀಪಗಳ ಹತ್ರ ಆ ಕ್ಯಾಮೆರಾಗೆ ಜೈಂಟ್ ಸ್ಕ್ವಿಡ್ ಸಿಕ್ತು, ಅಷ್ಟು ವರ್ಷ ದೊಡ್ಡ ದೊಡ್ಡ ಲೈಟ್ ಹಾಕ್ಕೊಂಡು ಹುಡುಕಿದೋರ ಕಣ್ಣಿಗೆ ಬೀಳದ ಪ್ರಾಣಿ.

ಮೀನಿನ ತುಂಡು ಕಟ್ಟೋ ಬ್ರವ್‌ನಲ್ಲಿ ಇನ್ನೊಂದು ತಾಪತ್ರಯ. ವಾಸನೆ ನೀರಿನ ಸೆಳೆತ ಹೋದ ಕಡೆಗೆಲ್ಲಾ ಹೋಗುತ್ತೆ, ಎಷ್ಟು ದೂರದಿಂದ ಮೀನು ಬಂತು ಅಂತ ಹೇಳೋದು ಕಷ್ಟ, ಅದೂ ಅಲ್ದೆ ಒಂದೇ ಶಾರ್ಕ್ ಹತ್ತು ಸಲ ಸುತ್ತು ಹೊಡೆದ್ರೆ ಹತ್ತು ಶಾರ್ಕ್ ಅಂತ ಎಣಿಸಿಬಿಡೋ ಅಪಾಯ ಇದೆ. ಅದಕ್ಕೆ ಒಂದು ಜಾಣ ಉಪಾಯ ಮಾಡ್ಕೊಂಡಿದಾರೆ, ಇಡೀ ಒಂದು ಗಂಟೆಯಲ್ಲಿ ಯಾವುದಾದ್ರೂ ಒಂದೇ ಫ್ರೇಮ್‌ನಲ್ಲಿ ಆ ಜಾತಿಯ ಮೀನು ಅತಿ ಹೆಚ್ಚು ಎಷ್ಟು ಕಂಡ್ವೋ ಅದೇ ಲೆಕ್ಕ. ಕಮ್ಮಿ ಬರುತ್ತೆ, ಆದ್ರೆ ಡಬಲ್ ಎಣಿಕೆ ಆಗಲ್ಲ. ಗ್ಲೋಬಲ್ ಫಿನ್‌ಪ್ರಿಂಟ್ ಅನ್ನೋ ಸರ್ವೇ ಇಂಥ ಕ್ಯಾಮೆರಾಗಳನ್ನೇ 58 ದೇಶಗಳ 371 ಹವಳದ ದಿಬ್ಬಗಳಲ್ಲಿ ಇಳಿಸಿ 15,000 ಗಂಟೆಗೂ ಹೆಚ್ಚು ವಿಡಿಯೋ ತೆಗೀತು. 2020ರಲ್ಲಿ ಫಲಿತಾಂಶ ಬಂತು, ಹತ್ತಿರ ಹತ್ತಿರ 20% ದಿಬ್ಬಗಳಲ್ಲಿ ಒಂದೇ ಒಂದು ಶಾರ್ಕ್ ಕಾಣಲಿಲ್ಲ ಅಂತ. ಅವರು ಶಾರ್ಕ್ ನಿರ್ನಾಮ ಆಗಿಹೋಗಿದೆ ಅಂತ ಬರೀಲಿಲ್ಲ, ಅಲ್ಲಿನ ಜೀವಜಾಲದಲ್ಲಿ ಶಾರ್ಕ್ ಮಾಡೋ ಕೆಲಸಕ್ಕೆ ಸಾಲುವಷ್ಟು ಸಂಖ್ಯೆಯಲ್ಲಿ ಅವು ಇಲ್ಲ ಅನ್ನೋ ಅರ್ಥದಲ್ಲಿ ಬರೆದ್ರು. ಎಲ್ಲಾ ಕಡೆ ಒಂದೇ ವಿಧಾನ, ಒಂದೇ ಅವಧಿ, ಒಂದೇ ಲೆಕ್ಕ ಇದ್ದಿದ್ದಕ್ಕೆ ಆ ಸೊನ್ನೆಗೆ ಒಂದು ತೂಕ ಬಂತು.

ಈಗ ಸೊನ್ನೆಯ ಗುಣಾಕಾರಕ್ಕೆ ಬರೋಣ.

ಒಂದು ಜಾಗದಲ್ಲಿ 300 ಫೋಟೋ ತೆಗೆದ್ರಿ ಅಂತಿಟ್ಕೊಳ್ಳಿ, ಒಂದೊಂದರಲ್ಲಿ 4 ಚದರ ಮೀಟರ್ ಕಾಣುತ್ತೆ, ಒಟ್ಟು 1,200 ಚದರ ಮೀಟರ್. ನೀವು ಹುಡುಕ್ತಿರೋ ಹವಳ ಒಂದರಲ್ಲೂ ಇಲ್ಲ. ಹಾಗಾದ್ರೆ ಆ ಹವಳ ಅಲ್ಲಿಲ್ಲವಾ? ಸಂಖ್ಯಾಶಾಸ್ತ್ರದಲ್ಲಿ ಒಂದು ಸುಲಭ ಸೂತ್ರ ಇದೆ, ಎಷ್ಟು ನೋಡಿದ್ರೂ ಸೊನ್ನೆ ಬಂದ್ರೆ 3ನ್ನ ನೋಡಿದ ಅಳತೆಯಿಂದ ಭಾಗಿಸಿ, 95% ಭರವಸೆಯಲ್ಲಿ ಹೇಳಬಹುದಾದ ಗರಿಷ್ಠ ಮಿತಿ ಅದು. 3 ಭಾಗಿಸು 1,200, ಅಂದ್ರೆ ಪ್ರತಿ ಚದರ ಕಿಲೋಮೀಟರ್‌ಗೆ 2,500. ಅಂದ್ರೆ ನಿಮ್ಮ 300 ಖಾಲಿ ಫೋಟೋಗಳು ಹೇಳ್ತಿರೋದು ಇಷ್ಟೇ, ಚದರ ಕಿಲೋಮೀಟರ್‌ಗೆ 2,500ಕ್ಕಿಂತ ಹೆಚ್ಚು ಇರೋ ಸಾಧ್ಯತೆ ಕಮ್ಮಿ. ಪೆಸಿಫಿಕ್‌ನ ಕ್ಲಾರಿಯನ್ ಕ್ಲಿಪರ್ಟನ್ ವಲಯದಲ್ಲಿ ಒಂದು ಗಣಿ ಗುತ್ತಿಗೆ ಪ್ರದೇಶ 75,000 ಚದರ ಕಿಲೋಮೀಟರ್‌ವರೆಗೆ ಇರುತ್ತೆ, ಅದಕ್ಕೆ ಹಿಗ್ಗಿಸಿದ್ರೆ 18 ಕೋಟಿ 75 ಲಕ್ಷ. ಅಷ್ಟು ಹವಳ ಇದ್ರೂ ನಿಮ್ಮ ಫೋಟೋಗಳು ಖಾಲಿ ಬರೋದು ಅಸಾಧ್ಯವೇನಲ್ಲ. ಇದೂ ಫೋಟೋಗಳು ಎಲ್ಲಾ ಕಡೆ ಹರಡಿದ್ದು, ಹವಳ ಗುಂಪು ಕಟ್ಟದೆ ಚೆದುರಿದ್ದು, ಕಂಡಿದ್ದನ್ನ ಯಾರೂ ಮಿಸ್ ಮಾಡ್ಲಿಲ್ಲ ಅಂತ ಒಪ್ಪಿಕೊಂಡ ಮೇಲಿನ ಲೆಕ್ಕ. ನಿಜದಲ್ಲಿ ಈ ಮೂರೂ ಇರಲ್ಲ.

ಗುಂಪು ಕಟ್ಟೋದು ಅಂದ್ನಲ್ಲ, ಅದಕ್ಕೆ 1977ರ ಗಲಾಪಗೋಸ್ ಉದಾಹರಣೆಗಿಂತ ಚೆನ್ನಾಗಿರೋದು ಸಿಗಲ್ಲ. ಆಂಗಸ್ ಅನ್ನೋ ಕ್ಯಾಮೆರಾ ಸ್ಲೆಡ್ಡನ್ನ ಸುಮಾರು 2,500 ಮೀಟರ್ ಆಳದಲ್ಲಿ ಎಳೆದು 3,000 ಫೋಟೋ ತೆಗೆದ್ರು. ಬರೀ ಲಾವಾ, ಲಾವಾ, ಲಾವಾ. 13 ಫ್ರೇಮ್‌ನಲ್ಲಿ ಮಾತ್ರ ಇದ್ದಕ್ಕಿದ್ದಂತೆ ನೂರಾರು ಬಿಳಿ ಚಿಪ್ಪು, ಕಂದು ಚಿಪ್ಪು, ಆಮೇಲೆ ಮತ್ತೆ ಬರೀ ಲಾವಾ. ಬಿಸಿನೀರ ಬುಗ್ಗೆಗಳ ಸುತ್ತ, ಬಿಸಿಲಿನ ಹಂಗೇ ಇಲ್ಲದೆ ಬದುಕೋ ಇಡೀ ಲೋಕ ಮೊದಲು ಕಂಡಿದ್ದು ಆ 13 ಫ್ರೇಮ್‌ನಲ್ಲಿ. ಅದೂ ಸ್ಲೆಡ್ ಮೇಲಿದ್ದ ಥರ್ಮಾಮೀಟರ್ ಅದೇ ಹೊತ್ತಿಗೆ ಒಂದು ಸಲ ಜಿಗಿದಿದ್ದು ಗಮನಕ್ಕೆ ಬಂದಿತ್ತು, ಹಾಗಾಗಿ ಯಾವ ಫೋಟೋ ನೋಡ್ಬೇಕು ಅಂತ ಗೊತ್ತಾಯ್ತು. ಸ್ಲೆಡ್ ನೂರು ಮೀಟರ್ ಆಚೆ ಹೋಗಿದ್ರೆ 3,000ಕ್ಕೆ 3,000 ಖಾಲಿ ಬರ್ತಿತ್ತೋ ಏನೋ.

ಇದೆಲ್ಲಾ ಈಗ ಯಾಕೆ ಬಿಸಿ ಅಂದ್ರೆ, ಆ ಕ್ಲಾರಿಯನ್ ಕ್ಲಿಪರ್ಟನ್ ವಲಯ. 4,000 ಮೀಟರ್‌ಗೂ ಆಳದಲ್ಲಿ ಆಲೂಗಡ್ಡೆ ಗಾತ್ರದ ಲೋಹದ ಉಂಡೆಗಳು ಹರಡಿಕೊಂಡಿವೆ, ಮ್ಯಾಂಗನೀಸ್, ನಿಕಲ್, ಕೋಬಾಲ್ಟ್, ತಾಮ್ರ. ಉಂಡೆ ಎತ್ತೋದು ಅಂದ್ರೆ ಅದರ ಮೇಲೇ ಅಂಟಿಕೊಂಡು ಬದುಕೋ ಸ್ಪಂಜು, ಅನಿಮೋನ್, ಹವಳಗಳನ್ನೂ ಎತ್ತೋದೇ, ಆ ಬಯಲಲ್ಲಿ ಹಿಡಿದು ನಿಲ್ಲೋಕೆ ಬೇರೆ ಗಟ್ಟಿ ಜಾಗ ಕಮ್ಮಿ. 2023ರ ಒಂದು ಅಧ್ಯಯನ ಅಲ್ಲಿ 5,578 ಪ್ರಭೇದ ದಾಖಲಾಗಿವೆ, ಅದರಲ್ಲಿ 88ರಿಂದ 92% ವಿಜ್ಞಾನಕ್ಕೆ ಹೆಸರೇ ಇಲ್ಲದವು ಅಂತ ಅಂದಾಜು ಹಾಕ್ತು. ಹೆಸರೇ ಇಲ್ಲದ್ದನ್ನ ಫೋಟೋದಲ್ಲಿ ಗುರುತಿಸೋದು ಹೇಗೆ? ‘ಬಿಳಿ ಸ್ಪಂಜು, ನಮೂನೆ 4’ ಅಂತ ಬರ್ಕೊಂಡು ಹೋಗ್ತಾರೆ, ಇನ್ನೊಂದು ತಂಡದವರ ‘ನಮೂನೆ 7’ ಇದೇನಾ ಅಂತ ತಾಳೆ ಹಾಕೋದೇ ಬೇರೆ ದೊಡ್ಡ ಕೆಲಸ.

ಹಾಳಾದ್ರೆ ಎಷ್ಟು ದಿನಕ್ಕೆ ಸರಿಹೋಗುತ್ತೆ ಅನ್ನೋದಕ್ಕೂ ಕ್ಯಾಮೆರಾನೇ ಸಾಕ್ಷಿ, ಇಲ್ಲಿ ಅದು ನಿಜಕ್ಕೂ ಬಲವಾದ ಸಾಕ್ಷಿ. 1989ರಲ್ಲಿ ಪೆರು ದೇಶದಾಚೆಯ ಸಮುದ್ರತಳದಲ್ಲಿ ಜರ್ಮನ್ ವಿಜ್ಞಾನಿಗಳು ಬೇಕಂತಲೇ ನೇಗಿಲು ಎಳೆದು ಬಂದಿದ್ರು. 2015ರಲ್ಲಿ ವಾಪಸ್ ಹೋಗಿ ಕ್ಯಾಮೆರಾ ಇಳಿಸಿದ್ರೆ 26 ವರ್ಷದ ಹಿಂದಿನ ಸಾಲುಗಳು ಹಾಗೇ ಕಾಣ್ತಿದ್ವು. ಸ್ಕಾಟ್ಲೆಂಡ್ ವಾಯವ್ಯದ ಡಾರ್ವಿನ್ ಮೌಂಡ್ಸ್ ಅನ್ನೋ ಆಳದ ಹವಳದ ದಿಬ್ಬಗಳದ್ದೂ ಇಂಥದೇ ಕಥೆ, 1998ರಲ್ಲಿ ಪತ್ತೆ ಆಗಿ, ಟ್ರಾಲ್ ಬಲೆ ಉಜ್ಜಿದ ಗುರುತು ಫೋಟೋಗಳಲ್ಲಿ ಸ್ಪಷ್ಟ ಇದ್ದಿದ್ರಿಂದ 2003ರಲ್ಲಿ ಯುರೋಪಿಯನ್ ಯೂನಿಯನ್ ತುರ್ತಾಗಿ ಟ್ರಾಲಿಂಗ್ ನಿಲ್ಲಿಸ್ತು. ಐದೇ ವರ್ಷ, ಇಂಥ ವಿಷಯಗಳಲ್ಲಿ ಇದು ಭಾರಿ ಸ್ಪೀಡು.

ಫೋಟೋ ತೆಗೆಯೋದು ಈಗ ಅಂಥ ಕಷ್ಟ ಅಲ್ಲ, ನೋಡೋರು ಯಾರು ಅನ್ನೋದೇ ದೊಡ್ಡ ಇಕ್ಕಟ್ಟು. ಎಯುವಿ ಒಂದು ಸಲ ಹೋಗಿ ಬಂದ್ರೆ ಹಾರ್ಡ್ ಡಿಸ್ಕ್ ತುಂಬಾ ಫೋಟೋ, ಒಬ್ಬ ಅನುಭವಸ್ಥ ಒಂದೊಂದೇ ಫ್ರೇಮ್ ತೆಗೆದು ಗುರುತು ಹಾಕ್ತಾ ಕೂತ್ರೆ ತಿಂಗಳುಗಳೇ ಬೇಕು, ಇಬ್ಬರು ಕೂತ್ರೆ ಇಬ್ಬರ ಎಣಿಕೆ ಒಂದೇ ಬರಲ್ಲ, ಅದೇ ವ್ಯಕ್ತಿಗೆ ಅದೇ ಫ್ರೇಮ್ ಮತ್ತೆ ಕೊಟ್ರೂ ಒಂದಷ್ಟು ವ್ಯತ್ಯಾಸ ಇರುತ್ತೆ. ಅದಕ್ಕೇ ಎಐ ಬಂದಿದೆ. ಹವಳದ ಫೋಟೋಗಳಿಗೆ ಕೋರಲ್‌ನೆಟ್, ಸಮುದ್ರಜೀವಿಗಳ ಗುರುತು ಹಾಕಿದ ಚಿತ್ರಗಳ ಭಂಡಾರ ಫ್ಯಾದಮ್‌ನೆಟ್, ಇವೆಲ್ಲಾ ನಿಜಕ್ಕೂ ಉಪಯೋಗದವು, ಪದೇಪದೇ ಕಾಣೋ ಜೀವಿಗಳ ಎಣಿಕೆಯ ಕೆಲಸವನ್ನ ತುಂಬಾ ಹಗುರ ಮಾಡಿವೆ. ಆದ್ರೆ ಮಾಡೆಲ್ ಕಲಿಯೋದು ಹೆಚ್ಚಾಗಿ ಕಂಡಿದ್ದನ್ನ. ಅಪರೂಪದ್ದು, ಹೊಸದು, ಅರ್ಧ ಕೆಸರಲ್ಲಿ ಹೂತಿದ್ದು, ಇವನ್ನೇ ಅದು ಮಿಸ್ ಮಾಡೋದು ಜಾಸ್ತಿ. ಒಂದು ಜಾಗದ ಬೆಳಕು, ಒಂದು ಕ್ಯಾಮೆರಾದ ಬಣ್ಣಕ್ಕೆ ಒಗ್ಗಿದ ಮಾಡೆಲ್ಲನ್ನ ಇನ್ನೊಂದು ಜಾಗಕ್ಕೆ ಒಯ್ದರೆ ತಡವರಿಸುತ್ತೆ. ಅಂದ್ರೆ ನಮಗೆ ಯಾವುದರ ಬಗ್ಗೆ ‘ಇಲ್ಲ’ ಅನ್ನೋಕೆ ಹೆಚ್ಚು ಖಾತ್ರಿ ಬೇಕೋ ಅಲ್ಲೇ ಎಐ ಕೈ ಕೊಡೋದು. ‘95% ನಿಖರತೆ’ ಅಂತ ವರದಿಯಲ್ಲಿ ದಪ್ಪಕ್ಷರದಲ್ಲಿ ಬರೆದಿದ್ರೆ ಆ 95 ಬಂದಿದ್ದು ಬರೀ ಮರಳನ್ನ ಮರಳು ಅಂತ ಗುರುತಿಸಿ ಇರ್ಬಹುದು.

ಕ್ಯಾಮೆರಾ ಗೆದ್ದ ಉಲ್ಟಾ ಉದಾಹರಣೆಯೂ ಹೇಳ್ಬೇಕು, ಇಲ್ಲಾಂದ್ರೆ ಅನ್ಯಾಯ. 2022ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬಹಾಮಾಸ್‌ನ ಟೈಗರ್ ಶಾರ್ಕ್‌ಗಳ ಬೆನ್ನಿಗೇ ಕ್ಯಾಮೆರಾ ಕಟ್ಟಿ, ಅವು ಅಲೆದಾಡಿದ ಜಾಗದ ವಿಡಿಯೋವನ್ನ ಸ್ಯಾಟಲೈಟ್ ಅಂದಾಜು, ಡೈವರ್‌ಗಳ ಸರ್ವೇ ಜೊತೆ ಸೇರಿಸಿ ನೋಡಿದ್ರೆ, ಕಡಲಹುಲ್ಲಿನ ಬಯಲು 66,000ದಿಂದ 92,000 ಚದರ ಕಿಲೋಮೀಟರ್ ಇರ್ಬಹುದು ಅಂತ ಬಂತು. ಪ್ರಪಂಚದಲ್ಲಿ ಅದುವರೆಗೆ ಗೊತ್ತಿದ್ದ ಕಡಲಹುಲ್ಲಿನ ಲೆಕ್ಕ ಒಂದೇ ಏಟಿಗೆ 40%ಗೂ ಹೆಚ್ಚು ಏರಿತು. ಆಳಸಮುದ್ರವೂ ಅಲ್ಲ, ತಿಳಿನೀರು, ಬಿಸಿಲು ಬೀಳೋ ಜಾಗ. ಅಲ್ಲೇ ಇಷ್ಟು ಬಾಕಿ ಇತ್ತು ಅಂದ್ರೆ.

ಆಳಸಮುದ್ರದ 44,000 ಡೈವ್‌ಗಳಲ್ಲಿ 97% ಮಾಡಿರೋದು ಐದೇ ದೇಶ, ಅಮೆರಿಕ, ಜಪಾನ್, ನ್ಯೂಜಿಲೆಂಡ್, ಫ್ರಾನ್ಸ್, ಜರ್ಮನಿ. ನೋಡಿದ ಜಾಗವೂ ಹೆಚ್ಚಾಗಿ ಅವರವರ ತೀರದ ಹತ್ರದ್ದೇ. ಇದಕ್ಕೆ ಮದ್ದು ಅಂತ ಈಗ ಸಣ್ಣ, ಅಗ್ಗದ ಡ್ರಾಪ್ ಕ್ಯಾಮೆರಾಗಳು ಬರ್ತಿವೆ, ಹವಾಯಿ ಮೂಲನಿವಾಸಿಗಳ ಜೊತೆ ಸೇರಿ ಮಾಡಿದ ಮಕಾ ನಿಯು ಅನ್ನೋದು 1,500 ಮೀಟರ್‌ವರೆಗೆ ಇಳಿಯುತ್ತೆ, ಸಣ್ಣ ದೋಣಿ ಸಾಕು. ಒಳ್ಳೇದೇ. ಆದ್ರೆ ಸಮುದ್ರದ ಸರಾಸರಿ ಆಳ ಸುಮಾರು 3,700 ಮೀಟರ್, ಗಣಿಯ ಉಂಡೆಗಳು ಇರೋದು ಅದಕ್ಕೂ ಕೆಳಗೆ, ಅಲ್ಲಿಗೆ ದೊಡ್ಡ ಹಡಗೇ ಬೇಕು. ದೇಶಗಳ ಗಡಿಯಾಚೆಯ ತಳದ ಗಣಿಗಾರಿಕೆ ನೋಡಿಕೊಳ್ಳೋ ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ನಿಯಮದ ಪ್ರಕಾರ ಅಲ್ಲಿನ ಬೇಸ್‌ಲೈನ್ ಸರ್ವೇ, ಅಂದ್ರೆ ಗಣಿಗೆ ಮುಂಚೆ ಅಲ್ಲಿ ಏನೇನಿದೆ ಅನ್ನೋ ಲೆಕ್ಕ, ಮಾಡ್ಬೇಕಾದೋರು ಗುತ್ತಿಗೆದಾರರೇ, ಗಣಿ ತೆಗೆಯೋಕೆ ಕಾಯ್ತಿರೋರೇ. 2026ರ ಜನವರಿ 17ರಿಂದ ಜಾರಿಯಾದ ಅಂತಾರಾಷ್ಟ್ರೀಯ ಸಮುದ್ರ ಒಪ್ಪಂದ ದೇಶಗಳ ಗಡಿಯಾಚೆಯ ಕಡಲಲ್ಲಿ ಪರಿಸರ ಪರಿಣಾಮದ ಅಧ್ಯಯನಕ್ಕೆ ನಿಯಮ ತಂದಿದೆ, ಆದ್ರೆ ಸಮುದ್ರತಳದ ಗಣಿಗೆ ಪ್ರಾಧಿಕಾರದ್ದೇ ಪ್ರತ್ಯೇಕ ನಿಯಮ, ಅದರ ಗಣಿ ಸಂಹಿತೆ ವರ್ಷಗಟ್ಟಲೆ ಚರ್ಚೆಯಲ್ಲೇ ಇದೆ. ಆ ಸಂಹಿತೆಯಲ್ಲಿ ‘ಸರ್ವೇ ಮಾಡ್ಬೇಕು’ ಅಂತಷ್ಟೇ ಇದ್ರೆ ಸಾಲದು. ಎಷ್ಟು ಫ್ರೇಮ್, ಒಂದೊಂದು ಎಷ್ಟು ಚದರ ಮೀಟರ್, ತಳದಿಂದ ಎಷ್ಟು ಎತ್ತರ, ಗೆರೆಗಳನ್ನ ಯಾರು ಆರಿಸಿದ್ದು, ಗುರುತು ಹಾಕಿದ್ದು ಮನುಷ್ಯರೋ ಮಾಡೆಲ್ಲೋ, ಇಷ್ಟು ಮೊದಲ ಪುಟದಲ್ಲೇ ಬರಬೇಕು, ‘ಕಂಡುಬಂದಿಲ್ಲ’ ಅಂತ ಬರೆದ ಕಡೆಯೆಲ್ಲಾ ಪಕ್ಕದಲ್ಲಿ ಆ 3ರ ಭಾಗಾಕಾರದ ಉತ್ತರ ಇರ್ಬೇಕು, ಮತ್ತೆ ಖಾಲಿ ಫ್ರೇಮ್‌ಗಳನ್ನೂ ಸೇರಿಸಿ ಅಷ್ಟೂ ಫೋಟೋ ಬೇರೆಯವರಿಗೆ ನೋಡೋಕೆ ಸಿಗ್ಬೇಕು.